ನಿಂತೇ ಇದ್ದವನು

ಆಫೀಸಿನ ಕಕ್ಕಸಿನಲ್ಲಿ, ಮುಚ್ಚಳ ಹಾಕಿದ ಕಮೋಡಿನ ಮೇಲೆ ಕೂತು, ಔಷಧದ ಅಂಗಡಿಯವಳು ಕೊಟ್ಟ ಮಣ್ಣುಬಣ್ಣದ ಬಿಗಿ ಕಾಲುಚೀಲವನ್ನು ಹಿಮ್ಮಡಿ ದಾಟಿಸಲು ಹೆಣಗುತ್ತಿದ್ದ ಪ್ರೇಬೆನ್‌ಗೆ, ಕಳೆದ ನಾಲ್ಕು ವರ್ಷಗಳಲ್ಲಿ ತಾನು ಈ ಕಟ್ಟಡದೊಳಗೆ ಕೂತದ್ದೆಂದರೆ ಈ ಒಂದು ಜಾಗದಲ್ಲಿ ಮಾತ್ರ ಎನ್ನುವುದು ಹೊಳೆಯಿತು. ನಗು ಬರಬೇಕಾಗಿತ್ತು; ಬಂದದ್ದು ಬೆವರು. ಹಾವು ಕಪ್ಪೆಯನ್ನು ನುಂಗುವ ಹಾಗೆ ಕಾಲುಚೀಲ ಅವನ ಪಾದವನ್ನು ಅರ್ಧ ನುಂಗಿ ಅಲ್ಲೇ ನಿಂತುಬಿಟ್ಟಿತ್ತು. ಬೆಳಿಗ್ಗೆ ಡಾಕ್ಟರ ಕೋಣೆಯಲ್ಲಿ ಅವನನ್ನು ಒಂದು ಚಿಕ್ಕ ಮಣೆಯ ಮೇಲೆ ಹತ್ತಿಸಿ, ಗೋಡೆಯ ಕಡೆ ಮುಖ ಮಾಡಿಸಿ, ಆ ಹುಡುಗಿ—ಡಾಕ್ಟರೇ, ಆದರೆ ಅವನ ಕಣ್ಣಿಗೆ ಹುಡುಗಿ—ಮೀನಖಂಡವನ್ನು ಬಹಳ ಹೊತ್ತು ನೋಡಿದ್ದಳು. ನರ ಉಬ್ಬಿ, ಸುರುಳಿ ಸುತ್ತಿ, ಮಂಡಿಯ ಹಿಂದೆ ಗಂಟು ಕಟ್ಟಿಕೊಂಡಿತ್ತು. ಕನ್ನಡಿಯಲ್ಲಿ ಅದನ್ನು ನೋಡಿದಾಗ ಅವನಿಗೆ ಅಸಹ್ಯಕ್ಕಿಂತ ಮೊದಲು ವೃತ್ತಿಯ ಸಿಟ್ಟು ಬಂದಿತ್ತು. ಓಡೆನ್ಸೆ ಪೇಟೆಯ ಒಳಚರಂಡಿ ಕೊಳವೆಗಳ ನಕ್ಷೆ ಬರೆಯುವುದು ಅವನ ಕೆಲಸ. ಇಂಥ ತಿರುವನ್ನು ಯಾರಾದರೂ ಎಳೆದಿದ್ದರೆ ಕೆಂಪು ಗೀಟು ಹಾಕಿ ವಾಪಸು ಕಳಿಸುತ್ತಿದ್ದ.

"ಏನು ಕೆಲಸ ನಿಮ್ಮದು?" ಎಂದು ಅವಳು ಕೇಳಿದ್ದಳು.

"ಆಫೀಸಿಂದೇ."

"ಅಂದ್ರೆ ಕೂತ್ಕೊಂಡು ಮಾಡೋದು."

"ನಿಂತ್ಕೊಂಡು," ಎಂದಿದ್ದ ಪ್ರೇಬೆನ್, ಪ್ಯಾಂಟಿಲ್ಲದೆ ಮಣೆಯ ಮೇಲೆ ನಿಂತವನಿಗೆ ಎಷ್ಟು ಸಾಧ್ಯವೋ ಅಷ್ಟು ಗತ್ತಿನಿಂದ.

"ಯಾಕೆ, ಕುರ್ಚಿ ಇಲ್ವಾ ಅಲ್ಲಿ?"

ಅವನು ಅವಳಿಗೆ—ಡಾಕ್ಟರಿಗೆ!—ಕೂರುವುದರಿಂದ ಹೃದಯಕ್ಕೆ, ಬೆನ್ನಿಗೆ, ಸಕ್ಕರೆಗೆ ಏನೇನಾಗುತ್ತದೆ ಎಂದು ವಿವರಿಸತೊಡಗಿದ್ದ. ಅವಳು ಕೇಳುತ್ತಲೇ ಅವನ ಕಣಕಾಲಿನ ಮೇಲೆ ಬೆರಳಿಟ್ಟು ಒತ್ತಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು, ಹಿಟ್ಟಿನಲ್ಲಿ ಉಳಿದ ಹಾಗೆ. ಇಬ್ಬರೂ ಆ ಗುಳಿಯನ್ನು ನೋಡಿದರು. ಅವನ ಮಾತು ತಾನಾಗಿ ನಿಂತಿತು.

"ಸ್ವಲ್ಪ ಕೂತ್ಕೊಳ್ಳಿ, ಸ್ವಲ್ಪ ನಿಂತ್ಕೊಳ್ಳಿ, ಸ್ವಲ್ಪ ಓಡಾಡಿ," ಎಂದಳು. "ಇದನ್ನ ಹೇಳೋಕೆ ನಾನೇ ಬೇಕಿತ್ತಾ?"

ಕಕ್ಕಸಿನ ಹೊರಗೆ ಯಾರೋ ಬಾಗಿಲು ತಳ್ಳಿ ನೋಡಿ ಹೋದರು. ಪ್ರೇಬೆನ್ ಉಸಿರು ಬಿಗಿಹಿಡಿದು ಕಾಲುಚೀಲವನ್ನು ಒಂದೇ ಎಳೆತಕ್ಕೆ ಮಂಡಿಯವರೆಗೆ ಎಳೆದ. ಯಾರೋ ಕಾಲನ್ನು ಮುಷ್ಟಿಯಲ್ಲಿ ಹಿಡಿದ ಹಾಗಾಯಿತು. ಇನ್ನೊಂದು ಕಾಲಿನದು ನಾಳೆ ಎಂದುಕೊಂಡು ಅದನ್ನು ಕೋಟಿನ ಜೇಬಿಗೆ ತುರುಕಿದ. ಕೈ ತೊಳೆಯುವಾಗ ಕನ್ನಡಿಯಲ್ಲಿ ಕಂಡವನು ಐವತ್ತನಾಲ್ಕರ ನೆಟ್ಟಗಿನ ಮನುಷ್ಯ. ಆ ನೆಟ್ಟಗಿರುವುದರ ಬಗ್ಗೆ ಅವನಿಗೆ ಸಣ್ಣ ಹೆಮ್ಮೆಯಿತ್ತು, ಇವತ್ತೂ ಅದು ಪೂರ್ತಿ ಹೋಗಿರಲಿಲ್ಲ ಎನ್ನುವುದೇ ಅವನಿಗೆ ನಾಚಿಕೆಯ ವಿಷಯವಾಗಿ ಕಂಡಿತು.

ಈ ದೇಶದಲ್ಲಿ ಕೆಲಸಕ್ಕೆ ಸೇರಿದವನಿಗೆ ಮೇಲೇರುವ ಕೆಳಗಿಳಿಯುವ ಮೇಜು ಕೊಡುವುದು ದೀಪ ಕೊಟ್ಟಷ್ಟೇ ಸಹಜ. ಉಳಿದವರು ದಿನಕ್ಕೊಮ್ಮೆ ಗುಂಡಿ ಒತ್ತಿ ಏರಿಸುತ್ತಾರೆ, ಕಾಫಿ ಮುಗಿಯುವಷ್ಟರಲ್ಲಿ ಇಳಿಸುತ್ತಾರೆ, ವಾರಗಟ್ಟಲೆ ಮರೆಯುತ್ತಾರೆ. ಪ್ರೇಬೆನ್‌ನ ಮೇಜು ಮಾತ್ರ ಇಳಿಯಲಿಲ್ಲ. ಮೊದಲ ವರ್ಷ ಜನ ಅವನನ್ನು ಹೊಗಳಿದರು, ಎರಡನೆಯ ವರ್ಷ ತಮಾಷೆ ಮಾಡಿದರು, ಮೂರನೆಯ ವರ್ಷ ಸಹೋದ್ಯೋಗಿಗಳ ಆರೋಗ್ಯ ನೋಡಿಕೊಳ್ಳುವ ಪ್ರತಿನಿಧಿಯಾಗಿ ಆರಿಸಿದರು—ಬೇರೆ ಯಾರೂ ನಿಂತಿರಲಿಲ್ಲ, ಎರಡು ಅರ್ಥದಲ್ಲೂ. ಇವತ್ತು ಮಧ್ಯಾಹ್ನ ಊಟದ ಕೋಣೆಯಲ್ಲಿ 'ನಿಲ್ಲುವುದೋ ಕೂರುವುದೋ' ಎಂಬ ಮಾತುಕತೆಯಿತ್ತು. ವಿಶ್ವವಿದ್ಯಾಲಯದಿಂದ ಸಂಶೋಧಕಿಯೊಬ್ಬಳನ್ನು ಕರೆಸಿದವನು ಅವನೇ. ಅವಳು ಬಂದು ತನ್ನ ಪರವಾಗಿ ತೀರ್ಪು ಹೇಳಿಹೋಗುತ್ತಾಳೆ ಎಂಬುದರಲ್ಲಿ ಅವನಿಗೆ ಎಷ್ಟು ನಂಬಿಕೆಯಿತ್ತೆಂದರೆ ಅವಳು ಬರೆದದ್ದನ್ನು ಒಂದು ಪುಟವೂ ಓದಿರಲಿಲ್ಲ.

ಮೇಜಿನ ಮುಂದೆ ನಿಂತ. ಕಾಲು ಮಿಡಿಯುತ್ತಿತ್ತು. ಗುಂಡಿ ಹೆಬ್ಬೆರಳಿನಿಂದ ಒಂದು ಗೇಣು ದೂರದಲ್ಲಿತ್ತು. ಒತ್ತಿದರಾಯಿತು, ಮೇಜು ಇಳಿಯುತ್ತದೆ, ಮೂಲೆಯಲ್ಲಿರುವ ಅತಿಥಿಗಳ ಕುರ್ಚಿ ಎಳೆದುಕೊಂಡರಾಯಿತು. ಆದರೆ ಮೇಜು ಸುಮ್ಮನೆ ಇಳಿಯುವುದಿಲ್ಲವಲ್ಲ; ಅದರ ಮೋಟಾರು ಗುಂಯ್ ಎಂದು ಇಡೀ ಹಾಲಿಗೆ ಸಾರುತ್ತ ಇಳಿಯುತ್ತದೆ. ಅವನು ಒತ್ತಿದ. ಗುಂಯ್ ಎಂದಿತು. ಎದುರಿನ ಮೇಜಿನಿಂದ ಎಗೋನ್ ತಲೆಯೆತ್ತಿದ. ಎಗೋನ್ ಅರವತ್ತರ ಹತ್ತಿರದ, ದೊಡ್ಡ ಮೈಯ, ಸದಾ ಹೆಣಿಗೆಯ ಒಳಕೋಟು ತೊಡುವ ಮನುಷ್ಯ. ಹದಿನೈದು ವರ್ಷದಿಂದ ಎದುರು ಕೂತವನು. ಅವನ ಮೇಜು ಎಂದೂ ಏರಿರಲಿಲ್ಲ.

"ಏನಯ್ಯಾ, ಇಳೀತಾ ಇದೀಯಾ?" ಎಂದ ಎಗೋನ್.

ಪ್ರೇಬೆನ್‌ನ ಬೆರಳು ತನ್ನ ಪಾಡಿಗೆ ತಾನು ಮೇಲಿನ ಗುಂಡಿಗೆ ಹೋಯಿತು. "ಇಲ್ಲಪ್ಪ. ಇನ್ನೊಂಚೂರು ಎತ್ತರ ಇದ್ರೆ ಭುಜಕ್ಕೆ ಒಳ್ಳೇದು ಅನ್ನಿಸ್ತು."

"ಒಳ್ಳೇದು. ಸೂರು ನೋಡ್ಕೋ."

ಮೇಜು ಎದೆಯ ಮಟ್ಟ ದಾಟಿತು. ಅಲ್ಲಿಂದ ಇಳಿಸಿದರೆ ಸೋತ ಹಾಗೆ. ಊಟದ ಹೊತ್ತಿನವರೆಗೂ ಅವನು ಚರ್ಚಿನಲ್ಲಿ ಆರ್ಗನ್ ಬಾರಿಸುವ ಕುಳ್ಳನ ಹಾಗೆ ಎರಡೂ ಕೈ ಮೇಲೆತ್ತಿಕೊಂಡು ಕೊಳವೆಗಳನ್ನು ಎಳೆದ. ನಡುನಡುವೆ ಎಗೋನ್‌ನ ಉಸಿರು, ಅವನ ಕುರ್ಚಿಯ ಕಿರುಗುಟ್ಟುವಿಕೆ ಕೇಳುತ್ತಿತ್ತು. ಆ ಕುರ್ಚಿಯ ಸದ್ದನ್ನು ಇಷ್ಟು ಆಸೆಯಿಂದ ಎಂದೂ ಕೇಳಿರಲಿಲ್ಲ. ಎಗೋನ್ ಕಾಫಿಗೆಂದು ಎದ್ದುಹೋದಾಗಲೆಲ್ಲ ಅವನ ಮೇಜಿನ ಗುಂಡಿ ಒತ್ತಿ ಅದನ್ನು ತುದಿಯವರೆಗೆ ಏರಿಸಿಡುವುದು ಪ್ರೇಬೆನ್‌ನ ಹಳೆಯ ತಮಾಷೆ. ಹಾಲಿನಲ್ಲಿ ಎಲ್ಲರೂ ನಗುತ್ತಿದ್ದರು. ಎಗೋನ್ ಬರುತ್ತಿದ್ದ, ಕಪ್ಪು ಹಿಡಿದುಕೊಂಡು ಮೇಜನ್ನು ನೋಡುತ್ತಿದ್ದ, ಗುಂಡಿ ಒತ್ತಿ ಹಿಡಿಯುತ್ತಿದ್ದ. ಮೇಜು ಇಳಿಯುವಷ್ಟು ಹೊತ್ತು ಎಲ್ಲರ ಕಣ್ಣೆದುರು ಅವನು ನಿಂತಿರಬೇಕಾಗುತ್ತಿತ್ತು. ಅದು ಬಹಳ ಹೊತ್ತು ಎಂಬುದು ಪ್ರೇಬೆನ್‌ಗೆ ಈಗ, ಮಂಡಿಯ ಹಿಂದೆ ಗಂಟು ಮಿಡಿಯುವಾಗ, ಮೊದಲ ಸಲ ಅನ್ನಿಸಿತು. ನಾನು ಮಾಡಿದ್ದು ಅವನ ಒಳ್ಳೆಯದಕ್ಕೇ ಎಂದು ಒಳಗೇ ವಾದಿಸಿದ. ಒಳಗಿದ್ದವನು ನಂಬಲಿಲ್ಲ.

ಬೋದಿಲ್ ಕೂಡ ನಂಬುವುದಿಲ್ಲ. ಶಿಶುವಿಹಾರದಲ್ಲಿ ಮಕ್ಕಳ ನಡುವೆ ಮೊಣಕಾಲೆತ್ತರದ ಕುರ್ಚಿಯಲ್ಲಿ ದಿನವಿಡೀ ಕೂತು ಬರುವ ಅವನ ಹೆಂಡತಿ, ಬೆಳಿಗ್ಗೆ ಅವನು ಅಡುಗೆಮನೆಯ ಕಟ್ಟೆಗೆ ಒರಗಿ ಗಂಜಿ ಕುಡಿಯುವುದನ್ನು ನೋಡಿ ಹೇಳಿದ್ದಳು: "ಕೂತ್ಕೊಂಡು ತಿನ್ನೋ. ಕುದುರೆ ಜೊತೆ ಸಂಸಾರ ಮಾಡ್ತಿದೀನಿ ಅನ್ಸುತ್ತೆ."

"ಕುದುರೆ ಹೃದಯ ಗಟ್ಟಿ ಕಣೇ."

"ಹೌದು, ಕಾಲು ಕೆಟ್ರೆ ಗುಂಡು ಹೊಡೀತಾರೆ."

ಅವಳಿಗೆ ಡಾಕ್ಟರ ವಿಷಯ ಹೇಳಿರಲಿಲ್ಲ. ಹೇಳಿದ್ದರೆ ಅವಳು ನಗುತ್ತಿರಲಿಲ್ಲ, ಮುದ್ದಾಗಿ ನೋಡುತ್ತಿದ್ದಳು. ಆ ನೋಟಕ್ಕಿಂತ ಗುಂಡೇಟು ವಾಸಿ.

ಊಟದ ಕೋಣೆಯಲ್ಲಿ ಎಲ್ಲರೂ ಉದ್ದ ಬೆಂಚುಗಳ ಮೇಲೆ ಕೂತು ಕಪ್ಪು ರೈ ರೊಟ್ಟಿಗೆ ಲಿವರ್ ಮುದ್ದೆ ಸವರುತ್ತಿದ್ದರು. ಪ್ರೇಬೆನ್ ಕಿಟಕಿಯ ದಂಡೆಯ ಮೇಲೆ ತಟ್ಟೆಯಿಟ್ಟುಕೊಂಡು ನಿಂತ. ಅವನ ಜಾಗ ಅದು. ಖಾಲಿ ಬೆಂಚಿದ್ದರೂ ಯಾರೂ ಈಗ ಕರೆಯುವುದಿಲ್ಲ. ಮೇಲಧಿಕಾರಿ ಮೆರೆಟೆ ಹತ್ತಿರ ಬಂದು, "ಇವತ್ತು ನಿನ್ನ ದಿನ ಪ್ರೇಬೆನ್," ಎಂದು ತೋಳು ತಟ್ಟಿದಳು. ಅವಳು ಕೂತಿರುವ ಹುದ್ದೆಗೆ ಅವನೂ ಅರ್ಜಿ ಹಾಕಿದ್ದ. ಅವಳ ಹೆಸರು ಹೇಳಿದ ದಿನ ಕೇಕು ಕತ್ತರಿಸಿದ್ದರು; ಅವಳ ಕೈಕುಲುಕಲು ಎಲ್ಲರಿಗಿಂತ ಮೊದಲು ಎದ್ದವನು ಪ್ರೇಬೆನ್. "ಅವತ್ತು ಎದ್ದೋನು, ಇನ್ನೂ ಕೂತಿಲ್ಲ ನೋಡು," ಎಂದು ಎಗೋನ್ ಒಮ್ಮೆ ಯಾರಿಗೋ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಚೆನ್ನಾಗಿದೆ ಮಾತು, ನಿಜ ಅಲ್ಲ, ಎಂದುಕೊಂಡಿದ್ದ ಆಗ. ನಿಜ ಏನು ಎಂದು ಯಾರೂ ಕೇಳಿರಲಿಲ್ಲ; ಕೇಳದಂತೆ ಅವನು ಎಲ್ಲರ ಬಾಯಿಗೆ ಅಂಕಿಅಂಶ ತುರುಕುತ್ತ ಬಂದಿದ್ದ.

ಸಂಶೋಧಕಿ ಸಿಗ್ರಿದ್ ತೆಳ್ಳಗಿನ ಹೆಂಗಸು. ಮೇಜಿನ ಅಂಚಿಗೆ ಅರ್ಧ ಕೂತು, ಅರ್ಧ ನಿಂತು ಮಾತಾಡಿದಳು. ಯಾವ ಪಕ್ಷದವಳು ಎಂದು ತಿಳಿಯದ ಹಾಗೆ ಕೂತಿದ್ದಾಳೆ ಎಂದು ಪ್ರೇಬೆನ್‌ಗೆ ಕಸಿವಿಸಿಯಾಯಿತು. ಅವನು ಹಿಂಬದಿಯ ಗೋಡೆಗೆ ಬೆನ್ನುಕೊಟ್ಟು ನಿಂತಿದ್ದ.

"ದಿನಪೂರ್ತಿ ಕೂತಿರೋದು ಕೆಟ್ಟದ್ದು, ಅದು ಸುಳ್ಳಲ್ಲ," ಎಂದಳು. ಪ್ರೇಬೆನ್ ತಲೆಯಾಡಿಸಿದ, ಕೆಲವರು ಹಿಂದೆ ತಿರುಗಿ ಅವನನ್ನು ನೋಡಿ ನಕ್ಕರು. "ಆದ್ರೆ ಅದಕ್ಕೆ ಔಷಧ ನಿಂತಿರೋದಲ್ಲ. ಅಲ್ಲಾಡೋದು. ಒಂದು ಬೆಳಗ್ಗೆಯಿಡೀ ಮೇಜಿನ ಮುಂದೆ ನಿಂತ್ರೆ ನೀವು ಜಾಸ್ತಿ ಕರಗಿಸೋ ಕ್ಯಾಲೊರಿ ಹೆಚ್ಚು ಕಡಿಮೆ ಒಂದು ಕ್ಯಾರೆಟ್ಟಿನಷ್ಟು."

ಊಟಕ್ಕೆ ತಂದ ಕ್ಯಾರೆಟ್ಟನ್ನು ಎಗೋನ್ ಆ ಗಳಿಗೆಯಲ್ಲೇ ಕಚ್ಚಿದ. ಬೇಕಂತಲೇ ಇರಲಿಕ್ಕಿಲ್ಲ. ಕಟಕ್ ಎಂಬ ಸದ್ದಿಗೆ ಇಡೀ ಕೋಣೆ ನಕ್ಕಿತು.

"ಬೆನ್ನುನೋವಿರೋ ಕೆಲವರಿಗೆ ಆಗಾಗ ನಿಂತ್ರೆ ಹಾಯೆನಿಸುತ್ತೆ. ಆದ್ರೆ ಗಂಟೆಗಟ್ಲೆ ಒಂದೇ ಕಡೆ ನಿಂತ್ರೆ ರಕ್ತ ಕಾಲಲ್ಲೇ ಉಳಿಯುತ್ತೆ, ನರ ಉಬ್ಬುತ್ತೆ. ಅಂಗಡಿಯೋರನ್ನ, ಕ್ಷೌರಿಕರನ್ನ ಕೇಳಿ ನೋಡಿ, ಅವರು ಕುರ್ಚಿಗೆ ಎಷ್ಟು ಹಂಬಲಿಸ್ತಾರೆ ಅಂತ."

"ಪ್ರೇಬೆನ್, ನೀನೇನಂತೀಯಾ?" ಎಂದಳು ಮೆರೆಟೆ, ಒಳ್ಳೆಯ ಮನಸ್ಸಿನಿಂದಲೇ. ಮೂವತ್ತು ಮುಖಗಳು ತಿರುಗಿದವು. ಈಗ ಪ್ಯಾಂಟನ್ನು ಮಂಡಿಯವರೆಗೆ ಎತ್ತಿ ತೋರಿಸಿ 'ಈಕೆ ಹೇಳೋದು ಸರಿ ಕಣ್ರೋ' ಎಂದಿದ್ದರೆ ಅವನು ಆ ದಿನದ ಅತ್ಯಂತ ಪ್ರೀತಿಪಾತ್ರ ಮನುಷ್ಯನಾಗುತ್ತಿದ್ದ. ಅದು ಅವನಿಗೆ ಸ್ಪಷ್ಟವಾಗಿ ಕಂಡಿತು ಕೂಡ. "ಪ್ರತಿಯೊಬ್ಬರ ದೇಹ ಬೇರೆ," ಎಂದು ಶುರುಮಾಡಿದ. ತನ್ನ ದನಿ ಪಾದ್ರಿಯ ದನಿಯ ಹಾಗೆ ಕೇಳಿಸಿತು. "ನಾಲ್ಕು ವರ್ಷದಲ್ಲಿ ನನಗೆ ಒಂದು ದಿನವೂ—" ಮಾತಿನ ಉಳಿದರ್ಧ ಸಿಗಲಿಲ್ಲ. ಗೋಡೆಯ ತಂಪು ಬೆನ್ನಿಗೆ ಹಿತವಾಗಿತ್ತು. ಕಿಟಕಿಯ ಬೆಳಕು ಹಳದಿಯಾಗುತ್ತ, ಅಂಚಿನಿಂದ ಒಳಗೊಳಗೆ ಕಪ್ಪಾಗುತ್ತ ಬಂತು. ಆ ಹಳದಿ ಕೆರ್ಟೆಮಿಂಡೆಯ ಅಪ್ಪ-ಅಮ್ಮನ ಮನೆಯ ಪರದೆಯ ಹಳದಿ. ನಾಲ್ಕು ವರ್ಷದ ಹಿಂದಿನ ಒಂದು ಭಾನುವಾರ, ಟೀವಿಯಲ್ಲಿ ಹ್ಯಾಂಡ್‌ಬಾಲ್ ಪಂದ್ಯ, ಅಪ್ಪ ತನ್ನ ಹಸಿರು ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ, ಪ್ರೇಬೆನ್ ಪಕ್ಕದ ಸೋಫಾದಲ್ಲಿ. ಅಮ್ಮ ಕಾಫಿ ತಂದಿಟ್ಟು, ಮಲಗಿದ್ದಾನೆ ಎಂದು ಪಿಸುಗುಟ್ಟಿ ಟೀವಿಯ ಸದ್ದು ತಗ್ಗಿಸಿ ಹೋದಳು. ಮಲಗಿರಲಿಲ್ಲ ಎಂದು ಪ್ರೇಬೆನ್‌ಗೆ ಗೊತ್ತಿತ್ತು. ಕಣ್ಣು ಅರೆ ತೆರೆದಿತ್ತು. ಅಪ್ಪ ಮಾತಾಡದಿರುವುದು ಹೊಸದಲ್ಲ. ಪ್ರೇಬೆನ್ ಗೋಲಿನ ಬಗ್ಗೆ ಹೇಳಿದ, ತೀರ್ಪುಗಾರನ ಬಗ್ಗೆ ಹೇಳಿದ, ಕೊನೆಗೆ, ತಡೆಯಲಾರದೆ, ಆ ಹುದ್ದೆ ತನಗೆ ಸಿಗಲಿಲ್ಲ ಎಂದೂ ಹೇಳಿದ. ಉತ್ತರವಿಲ್ಲ. "ಒಂದು ಮಾತಾದ್ರೂ ಆಡಬಾರ್ದಾ?" ಎಂದು ಗದರಿಸಿದ. ಪಂದ್ಯದ ಅರ್ಧ ಮುಗಿದು ಜಾಹೀರಾತು ಬಂದಾಗ ಅಪ್ಪನ ಕಾಫಿಯ ಮೇಲೆ ಕೆನೆ ಕಟ್ಟಿತ್ತು.

ಗೋಡೆ ಮೇಲಕ್ಕೆ ಸರಿಯುತ್ತಿದೆ ಎಂದುಕೊಂಡ. ಜಾರುತ್ತಿದ್ದವನು ಅವನೇ. ಕಣ್ಣು ಬಿಟ್ಟಾಗ ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ಪ್ಯಾಂಟು ಮೇಲೆ ಸರಿದು ಕಾಲುಚೀಲ ಮಂಡಿಯವರೆಗೂ ಎಲ್ಲರಿಗೂ ಕಾಣುತ್ತಿತ್ತು, ಇನ್ನೊಂದು ಜೇಬಿನಿಂದ ಜಾರಿ ಪಕ್ಕದಲ್ಲಿ ಸತ್ತ ಪ್ರಾಣಿಯ ಹಾಗೆ ಬಿದ್ದಿತ್ತು. ಯಾರೋ ನೀರು ಎಂದರು, ಯಾರೋ ಕಾಲೆತ್ತಿ ಹಿಡೀರಿ ಎಂದರು. ಸಿಗ್ರಿದ್ ತನ್ನದೇ ತಪ್ಪೆಂಬ ಹಾಗೆ ಬಿಳಿಚಿಕೊಂಡಿದ್ದಳು. ಆಮೇಲೆ ಒಂದು ಭಾರಿ ಉಸಿರು ಹತ್ತಿರ ಬಂತು; ಎಗೋನ್ ಒಂದು ಕೈ ಬೆಂಚಿಗೆ, ಒಂದು ಕೈ ಗೋಡೆಗೆ ಊರಿ, ಹಂತಹಂತವಾಗಿ, ಹಡಗು ಲಂಗರು ಹಾಕುವ ಹಾಗೆ, ಅವನ ಪಕ್ಕದಲ್ಲಿ ನೆಲಕ್ಕೆ ಇಳಿದ. ಪ್ಯಾಂಟಿನ ಅಂಚನ್ನು ಮೆಲ್ಲಗೆ ಕೆಳಗೆಳೆದು ಕಾಲುಚೀಲ ಮುಚ್ಚಿದ. ಬಿದ್ದಿದ್ದ ಇನ್ನೊಂದನ್ನು ತನ್ನ ಒಳಕೋಟಿನ ಜೇಬಿಗೆ ಹಾಕಿಕೊಂಡ.

"ಎಲ್ಲ ಹೋಗಿ ಕೆಲಸ ನೋಡ್ರಪ್ಪ," ಎಂದ. "ನಾವಿಬ್ರು ಸ್ವಲ್ಪ ಕೂತಿರ್ತೀವಿ."

ಮೆರೆಟೆ ಮನೆಗೆ ಹೋಗಲೇಬೇಕೆಂದು ಅಪ್ಪಣೆ ಮಾಡಿದಳು. ಸೈಕಲ್ಲಿನಲ್ಲಿ ಹೋಗುತ್ತೇನೆ ಎಂದ ಪ್ರೇಬೆನ್‌ಗೆ ಎಗೋನ್ ಕಾರಿನ ಬಾಗಿಲು ತೆರೆದು ಹಿಡಿದ. ಹಳೆಯ ಕಾರು, ಸೀಟು ಅವನ ದೇಹದ ಭಾರಕ್ಕೆ ಬಾವಿಯ ಹಾಗೆ ತಗ್ಗಿತ್ತು. ಪ್ರೇಬೆನ್ ಅದರೊಳಗೆ ಇಳಿದಾಗ ಅವನ ಕಾಲುಗಳು, ಅವನ ಅಭಿಪ್ರಾಯ ಕೇಳದೆ, ಒಂದು ನಿಟ್ಟುಸಿರು ಬಿಟ್ಟವು. ಕಾಲುವೆಯ ಪಕ್ಕ ಹೋಗುತ್ತಿದ್ದಾಗ ಎಗೋನ್‌ನನ್ನು ಬದಿಯಿಂದ ನೋಡಿದ. ಗಲ್ಲದ ಕೆಳಗೊಂದು ಹಳೆಯ ಗಾಯದ ಗೆರೆ, ಕಿವಿಯ ತುದಿಯಲ್ಲಿ ಎರಡು ಬಿಳಿ ಕೂದಲು. ನಾಲ್ಕು ವರ್ಷದಿಂದ ಇವನ ನಡುನೆತ್ತಿಯನ್ನು ಬಿಟ್ಟರೆ ಬೇರೇನನ್ನೂ ನೋಡಿಲ್ಲ ನಾನು, ಎಂದುಕೊಂಡ. ಇಡೀ ಆಫೀಸನ್ನು ನೆತ್ತಿಗಳಿಂದ ಗುರುತಿಸುತ್ತೇನೆ, ಹದ್ದಿನ ಹಾಗೆ, ಅದೂ ಕಾಲು ಊದಿದ ಹದ್ದು.

ಮನೆಯೆದುರು ಎಗೋನ್ ಎಂಜಿನ್ ಆರಿಸಿದ. ಬೋದಿಲ್ ಬಂದಿದ್ದಳು, ಅಡುಗೆಮನೆಯಲ್ಲಿ ದೀಪವಿತ್ತು. ಪ್ರೇಬೆನ್ ಇಳಿಯಲಿಲ್ಲ.

"ನಿನ್ನ ಮೇಜು ಏರಿಸಿಡ್ತಿದ್ನಲ್ಲ," ಎಂದ.

"ಗೊತ್ತು."

"ಅದು ತಮಾಷೆ ಆಗಿರ್ಲಿಲ್ಲ."

"ಮೊದ್ಲೆರಡು ಸಲ ಆಗಿತ್ತು," ಎಂದ ಎಗೋನ್. ಆಮೇಲೆ, "ನೀನ್ಯಾಕೆ ಕೂರಲ್ಲ ಪ್ರೇಬೆನ್? ನಿಜ ಹೇಳು. ಆ ಅಂಕಿಅಂಶ ಎಲ್ಲ ಬೇಡ."

ಮುಂದಿನ ಗಾಜಿನ ಮೇಲೆ ಒಂದು ಒದ್ದೆ ಎಲೆ ಅಂಟಿತ್ತು. ಅದನ್ನೇ ನೋಡುತ್ತ ಪ್ರೇಬೆನ್ ಹೇಳಿದ. ಹಸಿರು ಕುರ್ಚಿ, ಪಂದ್ಯ, ಅಪ್ಪ ಆಗಲೇ ಹೋಗಿಬಿಟ್ಟಿದ್ದಾನೆಂದು ತಿಳಿಯದೆ ತಾನು ಪಕ್ಕದಲ್ಲೇ ಕೂತು ಮಾತಾಡುತ್ತಿದ್ದದ್ದು, ಗದರಿಸಿದ್ದು. ಬೋದಿಲ್‌ಗೂ ಹೇಳದ ಆ ಕೊನೆಯ ಸಂಗತಿಯನ್ನು ಹೇಳಿದಾಗ ಅವನ ದನಿ ತೀರಾ ಸಾಮಾನ್ಯವಾಗಿತ್ತು, ಹವಾಮಾನ ಹೇಳುವವನ ಹಾಗೆ. "ಕೂತ್ರೆ ಎದೆ ಹಿಡ್ಕೊಳ್ಳುತ್ತೆ. ಯಾರೋ ಪಕ್ಕದಲ್ಲಿ ಟೀವಿ ಸದ್ದು ಕಮ್ಮಿ ಮಾಡ್ತಾರೆ ಅನ್ಸುತ್ತೆ."

ಪ್ರೇಬೆನ್ ಒಳಗೇ ಕುಗ್ಗುತ್ತ, ಈಗ ಇವನು ಏನೋ ಒಂದು ಸಮಾಧಾನದ ಮಾತು ಹೇಳುತ್ತಾನೆ, ಅದನ್ನು ಕೇಳಿ ನಾನು ಥ್ಯಾಂಕ್ಸ್ ಹೇಳಬೇಕು ಎಂದು ಸಿದ್ಧನಾದ.

"ಯಾರು ಗೆದ್ರು?" ಎಂದ ಎಗೋನ್.

"ಏನು?"

"ಪಂದ್ಯ."

"ಗೊತ್ತಿಲ್ಲ. ನೋಡಲೇ ಇಲ್ಲ."

"ಛೆ." ಎಗೋನ್ ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ದೂರಕ್ಕೆ ನೋಡುತ್ತ, "ನಮ್ಮಪ್ಪ ನಿಂತ್ಕೊಂಡೇ ಹೋದ," ಎಂದ. "ಬೇಕರಿ ಸಾಲಲ್ಲಿ. ಭಾನುವಾರ ಬೆಳಿಗ್ಗೆ, ಕೈಯಲ್ಲಿ ನಂಬರ್ ಚೀಟಿ ಹಿಡ್ಕೊಂಡು. ಅವನ ನಂಬರ್ ಕೂಗಿದ್ರಂತೆ. ಅವ್ನು ಹೋಗೇಬಿಟ್ಟಿದ್ದ. ಹಿಂದಿನೋರು ಸಂಕೋಚಪಟ್ಕೊಂಡು, ಪಾಪ, 'ಸ್ವಲ್ಪ ಮುಂದೆ ಹೋಗಿ ಸ್ವಾಮಿ' ಅಂತ ಬೆನ್ನು ತಟ್ಟಿದ್ರಂತೆ. ಆಮೇಲೇ ಬಿದ್ದದ್ದು." ಅವನ ದನಿ ಸ್ವಲ್ಪ ಅದುರಿತು, ಅಳುವಿಗೋ ಏನಕ್ಕೋ. "ಅದಕ್ಕೇ ನಾನು ಕಣೋ, ಎಲ್ಲಿ ಹೋದ್ರೂ ಮೊದಲು ಕುರ್ಚಿ ಹುಡುಕ್ತೀನಿ."

ಪ್ರೇಬೆನ್‌ನ ಮೂಗಿನಿಂದ ಒಂದು ವಿಚಿತ್ರ ಸದ್ದು ಹೊರಟಿತು. ಎಗೋನ್ ಅವನ ಕಡೆ ತಿರುಗಿದ. ಆ ದೊಡ್ಡ ಮುಖ ಕೆಂಪಗಾಗಿ, ಬಿಗಿಹಿಡಿದ ತುಟಿಗಳ ಮೂಲೆಯಲ್ಲಿ ನಡುಗುತ್ತಿತ್ತು. ಆಮೇಲೆ ಇಬ್ಬರಿಗೂ ತಡೆಯಲಾಗಲಿಲ್ಲ. ಎಗೋನ್ ನಕ್ಕರೆ ಕಾರು ಅಲ್ಲಾಡುತ್ತಿತ್ತು. ಪ್ರೇಬೆನ್ ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿದ, ಅಪ್ಪ ಎಂದ, ಚೀಟಿ ಎಂದ, ಮುಂದೆ ಹೇಳಲಾಗದೆ ಕಣ್ಣೊರೆಸಿಕೊಂಡ. ಒರೆಸಿದಷ್ಟೂ ಬರುತ್ತಿತ್ತು, ಅದು ಈಗ ನಗೆಯದೇ ಎಂದು ಖಚಿತವಾಗಿ ಹೇಳುವಂತಿರಲಿಲ್ಲ, ಹೇಳಬೇಕೆಂದು ಅವನಿಗೂ ಅನ್ನಿಸಲಿಲ್ಲ.

ಕಿಟಕಿಯ ಮೇಲೆ ಯಾರೋ ಬಡಿದರು. ಬೋದಿಲ್, ಶಾಲು ಸುತ್ತಿಕೊಂಡು, ಗಾಳಿಗೆ ಕೂದಲು ಹಾರಿಸಿಕೊಂಡು ನಿಂತಿದ್ದಳು. ಮೆರೆಟೆ ಫೋನು ಮಾಡಿರಬೇಕು. ಮುಖದಲ್ಲಿ ಹೆದರಿಕೆಯಿತ್ತು, ಇಬ್ಬರು ಗಂಡಸರ ಒದ್ದೆ ಕೆನ್ನೆಗಳನ್ನು ನೋಡಿ ಅದು ಗೊಂದಲವಾಯಿತು. ಪ್ರೇಬೆನ್ ಗಾಜು ಇಳಿಸಿದ.

"ಏನಾಯ್ತು? ಒಳಗೆ ಬರಬಾರ್ದಾ? ಎಲ್ಲಿಗೆ ಹೊರಟಿದೀರಾ ಇಬ್ರೂ?"

"ಎಲ್ಲಿಗೂ ಇಲ್ಲ," ಎಂದ ಎಗೋನ್. "ಸುಮ್ನೆ ಕೂತಿದೀವಿ."

ಬೋದಿಲ್ ಗಂಡನನ್ನು ನೋಡಿದಳು. ಅವನು ಹಿಂದಕ್ಕೆ ಕೈ ಚಾಚಿ ಹಿಂಬಾಗಿಲ ಚಿಲಕ ತೆಗೆದ. ಅವಳು ಒಂದು ಗಳಿಗೆ ಮನೆಯ ಕಡೆ, ಒಲೆಯ ಮೇಲೇನೋ ಇಟ್ಟು ಬಂದವಳ ಹಾಗೆ, ತಿರುಗಿ ನೋಡಿದಳು. ಆಮೇಲೆ ಶಾಲು ಒಟ್ಟುಗೂಡಿಸಿಕೊಂಡು ಒಳಗೆ ಹತ್ತಿ, ಬಾಗಿಲು ಎಳೆದುಕೊಂಡು, ಅವರಿಬ್ಬರ ಹಿಂದೆ ಕೂತಳು.